ಇಸ್ಲಾಮಿಕ್ ಫೈನಾನ್ಸ್ ಅರ್ಥಶಾಸ್ತ್ರಜ್ಞರ ಸೈಟೇಶನ್ ಪ್ರಭಾವ ಅಳೆಯುವುದು ಹೇಗೆ: ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಅರ್ಥಶಾಸ್ತ್ರಜ್ಞರೊಬ್ಬರ ಪುಟ ತೆರೆದರೆ ಮೂರು ಸಂಖ್ಯೆ ಎದ್ದು ಕಾಣುತ್ತವೆ. ಒಟ್ಟು ಸೈಟೇಶನ್ (ಬೇರೆ ಬರಹಗಳಲ್ಲಿ ಬಂದ ಉಲ್ಲೇಖ), ಎಚ್-ಇಂಡೆಕ್ಸ್, ಐ10-ಇಂಡೆಕ್ಸ್ (ಇವೆರಡರ ಲೆಕ್ಕ ಹಂತ 7ರಲ್ಲಿದೆ). ಸೆಮಿನಾರಿನ ಅತಿಥಿ ಪರಿಚಯಕ್ಕೆ, ಪಿಎಚ್‌ಡಿ ಪ್ರಬಂಧದ ಸಾಹಿತ್ಯ ವಿಮರ್ಶೆಗೆ, ಪ್ರಶಸ್ತಿಯ ಶಿಫಾರಸಿಗೆ ಈ ಮೂರನ್ನೇ ಎತ್ತಿ ಹಾಕುವವರು ಜಾಸ್ತಿ. ಬೇರೆ ವಿಷಯಗಳಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಇಸ್ಲಾಮಿಕ್ ಫೈನಾನ್ಸ್‌ನಲ್ಲಿ ನಡೆಯುವುದಿಲ್ಲ.

ಯಾಕೆ ಅಂದ್ರೆ, ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದ ಕೆಲಸದಲ್ಲಿ ಬಹುಪಾಲು ಪುಸ್ತಕಗಳಲ್ಲಿದೆ. ಅವು ಲಾಹೋರ್, ಲೆಸ್ಟರ್, ಜೆದ್ದಾಗಳಲ್ಲಿ ಅಚ್ಚಾದವು. ಎಷ್ಟೋ ಮೊದಲು ಉರ್ದು, ಅರಬಿಯಲ್ಲಿ ಬಂದವು. ಆಮೇಲಿನ ಕೆಲಸ ಐಎಂಎಫ್, ವಿಶ್ವಬ್ಯಾಂಕಿನ ಕರಡು ಪ್ರಬಂಧಗಳಲ್ಲಿ, ಇಂಗ್ಲಿಷ್ ಜರ್ನಲ್‌ಗಳಲ್ಲಿ ಬಂತು. ಸೈಟೇಶನ್ ಎಣಿಸುವ ಯಂತ್ರಗಳಿಗೆ ಎರಡನೆಯದು ಚೆನ್ನಾಗಿ ಕಾಣುತ್ತದೆ, ಮೊದಲನೆಯದು ಮಸುಕು. ಹಾಗಾಗಿ ಎರಡು ತಲೆಮಾರಿನ ಇಬ್ಬರನ್ನು ಒಂದೇ ಸಂಖ್ಯೆಯಲ್ಲಿ ಹೋಲಿಸಿದರೆ ಉತ್ತರ ಹಳಿ ತಪ್ಪುತ್ತದೆ.

ಕ್ಷೇತ್ರದ ಪರಿಚಯ ಇಲ್ಲದವರಿಗೆ ಚುಟುಕಾಗಿ ಹೇಳುವುದಾದರೆ, ಬಡ್ಡಿ ಇಲ್ಲದೆ ಹಣಕಾಸು ವ್ಯವಹಾರ ಹೇಗೆ ನಡೆಸಬಹುದು ಅನ್ನುವುದು ಇಲ್ಲಿನ ಪ್ರಶ್ನೆ. ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ, ಲಾಭದಲ್ಲಿ ಪಾಲು ಅಂದರೆ ಮುದಾರಬಾ. ಇಬ್ಬರೂ ಬಂಡವಾಳ ಹಾಕಿದರೆ ಮುಶಾರಕಾ. ಬ್ಯಾಂಕೇ ವಸ್ತು ಕೊಂಡು, ಲಾಭ ಸೇರಿಸಿ ಗ್ರಾಹಕನಿಗೆ ಮಾರಿದರೆ ಮುರಾಬಹಾ. ಬಾಂಡ್ ಜಾಗದಲ್ಲಿ ಸುಕೂಕ್ ಇದೆ. ನಮ್ಮ ಬೆಂಗಳೂರಿನಲ್ಲಿ ‘ಹಲಾಲ್ ಹೂಡಿಕೆ’ ಅಂದ ತಕ್ಷಣ 2019ರ ಐಎಂಎ ಪ್ರಕರಣ ನೆನಪಾಗುತ್ತದೆ, ಅದು ಸಹಜ. ಆದರೆ ಆ ವಂಚನೆಗೂ ಇಲ್ಲಿ ಮಾತಾಡುತ್ತಿರುವ ಸಂಶೋಧನೆಗೂ ಸಂಬಂಧ ಇಲ್ಲ.

ಉದಾಹರಣೆಗೆ ಮುಖ್ಯವಾಗಿ ಮೊಹಮ್ಮದ್ ನಜಾತುಲ್ಲಾ ಸಿದ್ದಿಕಿ ಅವರನ್ನು ಇಟ್ಟುಕೊಳ್ಳುತ್ತೇನೆ. 1931ರಲ್ಲಿ ಗೋರಖ್‌ಪುರದಲ್ಲಿ ಹುಟ್ಟಿದವರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಜೆದ್ದಾದ ಕಿಂಗ್ ಅಬ್ದುಲ್ ಅಜೀಜ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. 1982ರಲ್ಲಿ ಕಿಂಗ್ ಫೈಸಲ್ ಪ್ರಶಸ್ತಿ ಬಂತು, 2022ರಲ್ಲಿ ತೀರಿಕೊಂಡರು. ಈ ಕ್ಷೇತ್ರ ಕಟ್ಟಿದವರಲ್ಲಿ ಒಬ್ಬರು. ಸೈಟೇಶನ್ ಎಣಿಸುವವರಿಗೆ ಇವರಷ್ಟು ತಲೆನೋವು ಕೊಡುವವರು ಕಡಿಮೆ, ಅದಕ್ಕೇ ಕಲಿಯಲು ಒಳ್ಳೆಯ ಉದಾಹರಣೆ.

ಹಂತ 1: ಯಾವ ಪ್ರಶ್ನೆಗೆ ಉತ್ತರ ಬೇಕು?

‘ಇವರ ಪ್ರಭಾವ ಎಷ್ಟು’ ಅನ್ನುವುದು ಪ್ರಶ್ನೆ ಅಲ್ಲ. ಯಾರ ಮೇಲೆ ಪ್ರಭಾವ? ಅರ್ಥಶಾಸ್ತ್ರಜ್ಞರ ಮೇಲೋ, ಫಿಕ್ಹ್ (ಇಸ್ಲಾಮಿಕ್ ಧರ್ಮಶಾಸ್ತ್ರ) ಪಂಡಿತರ ಮೇಲೋ, ಬ್ಯಾಂಕ್ ನಿಯಂತ್ರಕರ ಮೇಲೋ, ಕಾನೂನಿನ ಮೇಲೋ? ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ, ‘ಬಡ್ಡಿರಹಿತ ಬ್ಯಾಂಕಿಂಗ್ ಮಾದರಿಗಳ ಬಗ್ಗೆ ಬರೆಯುವವರು ಸಿದ್ದಿಕಿ ಅವರ ಯಾವ ಕೃತಿಯನ್ನು, ಯಾವ ಕಾರಣಕ್ಕೆ ಉಲ್ಲೇಖಿಸುತ್ತಾರೆ?’ ಇಷ್ಟು ಸ್ಪಷ್ಟವಾಗಿದ್ದರೆ ಮುಂದಿನ ಅರ್ಧ ಕೆಲಸ ಹಗುರ.

ಹಂತ 2: ಹೆಸರಿನ ಕಾಟ

ಅರಬಿ, ಉರ್ದು ಹೆಸರುಗಳು ರೋಮನ್ ಅಕ್ಷರಕ್ಕೆ ಹೋದಾಗ ಒಂದೊಂದು ಕಡೆ ಒಂದೊಂದು ಸ್ಪೆಲಿಂಗ್. ಸಿದ್ದಿಕಿ ಹೆಸರನ್ನೇ ನೋಡಿ. ಕೊನೆಯಲ್ಲಿ ‘ಕ್ಯೂ’ ಆದ ಮೇಲೆ ನೇರ ‘ಐ’ ಬರೆಯುವವರಿದ್ದಾರೆ, ನಡುವೆ ‘ಯು’ ಸೇರಿಸುವವರೂ ಇದ್ದಾರೆ. ಮೊದಲ ಹೆಸರು ಕೆಲವು ಕಡೆ ಮುಹಮ್ಮದ್, ಕೆಲವು ಕಡೆ ಮೊಹಮ್ಮದ್, ಇನ್ನು ಕೆಲವು ಕಡೆ ಬರೀ ಎಂ. ಎನ್. ನಡುವಿನ ಹೆಸರು ನಜಾತುಲ್ಲಾ ಆಗಬಹುದು, ನೆಜಾತುಲ್ಲಾ ಆಗಬಹುದು. ಇದೇ ಕ್ಷೇತ್ರದ ಇನ್ನೊಬ್ಬ ಹಿರಿಯ ಅರ್ಥಶಾಸ್ತ್ರಜ್ಞ ಉಮರ್ ಛಾಪ್ರಾ ಅವರ ಗತಿಯೂ ಇದೇ. ಪುಸ್ತಕದ ಮೇಲೆ ‘ಎಂ. ಉಮರ್ ಛಾಪ್ರಾ’ ಅಂತ ಇದ್ದರೆ ಉಲ್ಲೇಖಿಸುವವರು ಉಮರ್‌ನಲ್ಲಿ ‘ಇ’ ಹಾಕುತ್ತಾರೋ ‘ಎ’ ಹಾಕುತ್ತಾರೋ ಹೇಳಲಾಗದು.

ಇನ್ನೊಂದು ತೊಂದರೆ ಇದರ ತಿರುವುಮುರುವು. ಒಂದೇ ಹೆಸರಿನವರು ಹತ್ತಾರು ಜನ. ‘ಎಂ. ಖಾನ್’, ‘ಎಂ. ಹಸನ್’, ‘ಎಸ್. ಅಹ್ಮದ್’ ಅಂತ ಹುಡುಕಿದರೆ ಹೃದಯ ತಜ್ಞರಿಂದ ಹಿಡಿದು ಸಿವಿಲ್ ಎಂಜಿನಿಯರ್‌ವರೆಗೆ ಎಲ್ಲರೂ ಬರುತ್ತಾರೆ. ಸ್ಕೋಪಸ್ ಎಂಬ ಸೈಟೇಶನ್ ಡೇಟಾಬೇಸ್‌ನಲ್ಲಿ ಒಬ್ಬರೇ ಲೇಖಕ ಎರಡು ಮೂರು ಪ್ರೊಫೈಲ್‌ಗಳಾಗಿ ಒಡೆದಿರುವುದು ಅಪರೂಪ ಅಲ್ಲ. ಗೂಗಲ್ ಸ್ಕಾಲರ್‌ನಲ್ಲಿ ಬೇರೆಯವರ ಪ್ರಬಂಧ ಒಬ್ಬರ ಪುಟಕ್ಕೆ ಬಂದು ಕೂತಿರುವುದೂ ಅಪರೂಪ ಅಲ್ಲ.

ಮಾಡಬೇಕಾದ್ದು ಇಷ್ಟು. ಸಾಧ್ಯವಾದ ಎಲ್ಲ ಸ್ಪೆಲಿಂಗ್‌ಗಳನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದುಕೊಳ್ಳಿ. ಈಗ ಕೆಲಸದಲ್ಲಿರುವ ಸಂಶೋಧಕರಾದರೆ ಅವರ ಆರ್ಕಿಡ್ ಸಂಖ್ಯೆ (ಸಂಶೋಧಕರಿಗೆ ಒಬ್ಬೊಬ್ಬರಿಗೂ ಇರುವ ಗುರುತು ಸಂಖ್ಯೆ) ಹುಡುಕಿ. 2012ರಿಂದ ಇರುವ ವ್ಯವಸ್ಥೆ ಅದು, ಹೆಸರಿನ ಗೊಂದಲಕ್ಕೆಂದೇ ಮಾಡಿದ್ದು. ಹಿಂದಿನ ತಲೆಮಾರಿನವರಿಗೆ ಆ ಸೌಲಭ್ಯ ಸಿಗುವುದು ಕಷ್ಟ. ಅಲ್ಲಿ ಹೆಸರಿನ ಜತೆ ಕೃತಿಯ ಶೀರ್ಷಿಕೆಯ ಎರಡು ಪದ ಸೇರಿಸಿ ಹುಡುಕುವುದೇ ದಾರಿ.

ಹಂತ 3: ಎಣಿಸುವ ಮೊದಲು ಕೃತಿಗಳ ಪಟ್ಟಿ

ಡೇಟಾಬೇಸ್ ಕೊಟ್ಟ ಪಟ್ಟಿಯಿಂದ ಶುರು ಮಾಡಬೇಡಿ. ಅದರಲ್ಲಿ ಇಲ್ಲದ್ದು ಇಲ್ಲ ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಮೊದಲು ಲೇಖಕರ ಸಿವಿ, ಪುಸ್ತಕಗಳ ಕೊನೆಯಲ್ಲಿರುವ ಗ್ರಂಥಸೂಚಿ, ಲೈಬ್ರರಿ ಕ್ಯಾಟಲಾಗ್ ನೋಡಿ ನಿಮ್ಮದೇ ಪಟ್ಟಿ ಮಾಡಿ.

ಸಿದ್ದಿಕಿ ಅವರ ಪಟ್ಟಿ ಸ್ವಲ್ಪ ಹೀಗೆ ಕಾಣುತ್ತದೆ. ‘ಬ್ಯಾಂಕಿಂಗ್ ವಿದೌಟ್ ಇಂಟರೆಸ್ಟ್’ ಮೊದಲು ಉರ್ದುವಿನಲ್ಲಿ ಬಂತು, 1973ರಲ್ಲಿ ಲಾಹೋರಿನಿಂದ ಇಂಗ್ಲಿಷಿನಲ್ಲಿ, 1983ರಲ್ಲಿ ಲೆಸ್ಟರಿನ ಇಸ್ಲಾಮಿಕ್ ಫೌಂಡೇಶನ್‌ನಿಂದ ಮತ್ತೆ. ಮೆಕ್ಕಾದಲ್ಲಿ 1976ರಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಇಸ್ಲಾಮಿಕ್ ಅರ್ಥಶಾಸ್ತ್ರ ಸಮ್ಮೇಳನಕ್ಕಾಗಿ ಬರೆದ ಸಮೀಕ್ಷೆ 1981ರಲ್ಲಿ ‘ಮುಸ್ಲಿಂ ಇಕನಾಮಿಕ್ ಥಿಂಕಿಂಗ್’ ಪುಸ್ತಕವಾಯಿತು. ಅರಬಿ, ಉರ್ದು, ಇಂಗ್ಲಿಷ್ ಮೂರೂ ಭಾಷೆಯ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಮೀಕ್ಷೆ ಅದು. 2004ರಲ್ಲಿ ರಿಬಾ (ಬಡ್ಡಿ) ಬಗ್ಗೆ ಜೆದ್ದಾದ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧನಾ ಸಂಸ್ಥೆ ಇನ್ನೊಂದು ಪುಸ್ತಕ ತಂದಿತು. 2006ರಲ್ಲಿ ‘ಇಸ್ಲಾಮಿಕ್ ಇಕನಾಮಿಕ್ ಸ್ಟಡೀಸ್’ ಜರ್ನಲ್‌ನಲ್ಲಿ ಬ್ಯಾಂಕಿಂಗ್, ಫೈನಾನ್ಸ್ ಎಲ್ಲಿಗೆ ಬಂದು ನಿಂತಿದೆ ಅನ್ನುವ ಇನ್ನೊಂದು ಸಮೀಕ್ಷಾ ಲೇಖನ ಬಂತು.

ಗಮನಿಸಿ, ಇವುಗಳಲ್ಲಿ ಜರ್ನಲ್ ಲೇಖನ ಒಂದೇ ಒಂದು.

ಪ್ರತಿ ಕೃತಿಯ ಎದುರು ಐದು ಕಾಲಂ ಇರಲಿ: ವರ್ಷ, ಭಾಷೆ, ಪ್ರಕಾಶಕರು, ಇತರ ಆವೃತ್ತಿಗಳು, ಸಹಲೇಖಕರು. ಸಂಖ್ಯೆಗಳ ಕಾಲಂ ಈಗ ಖಾಲಿ ಬಿಡಿ.

ಹಂತ 4: ಎಲ್ಲಿ ಎಣಿಸಬೇಕು

ಒಂದೇ ಕಡೆ ಎಣಿಸಿದರೆ ಸಾಲದು. ಒಂದೊಂದು ಡೇಟಾಬೇಸ್‌ಗೂ ಒಂದೊಂದು ಕುರುಡುತನ ಇದೆ.

ಗೂಗಲ್ ಸ್ಕಾಲರ್ 2004ರಿಂದ ಇದೆ, ಉಚಿತ, ಬಲೆ ದೊಡ್ಡದು. ಪುಸ್ತಕ, ಥೀಸಿಸ್, ಸಮ್ಮೇಳನದ ಪ್ರಬಂಧ, ಇಂಡೋನೇಷ್ಯಾ ಮತ್ತು ಮಲೇಷ್ಯಾದ ಜರ್ನಲ್‌ಗಳು ಎಲ್ಲವೂ ಬಂದು ಬೀಳುತ್ತವೆ. ಇಸ್ಲಾಮಿಕ್ ಫೈನಾನ್ಸ್ ಬಗ್ಗೆ ಬರೆಯುವವರಲ್ಲಿ ದೊಡ್ಡ ಪಾಲು ಈ ಎರಡು ದೇಶಗಳವರೇ ಆದ್ದರಿಂದ ಇದು ಸಣ್ಣ ವಿಷಯವಲ್ಲ. ಆದರೆ ಕಸವೂ ಬರುತ್ತದೆ. ಒಂದೇ ಲೇಖನ ಎರಡು ಸಲ, ಯಾರೋ ಅಪ್‌ಲೋಡ್ ಮಾಡಿದ ಸ್ಲೈಡ್, ದುಡ್ಡು ಕೊಟ್ಟರೆ ಏನು ಬೇಕಾದರೂ ಛಾಪಿಸುವ ಜರ್ನಲ್. ಇನ್ನೊಂದು ಮಿತಿ, ಯಾವುದೇ ಹುಡುಕಾಟಕ್ಕೆ ಅದು ತೋರಿಸುವುದು ಹೆಚ್ಚೆಂದರೆ 1,000 ಫಲಿತಾಂಶ. ಅದಕ್ಕಿಂತ ಜಾಸ್ತಿ ಉಲ್ಲೇಖ ಪಡೆದ ಕೃತಿಯಾದರೆ ವರ್ಷವಾರು ಒಡೆದು ನೋಡಬೇಕು.

ಸ್ಕೋಪಸ್ ಎಲ್ಸೆವಿಯರ್‌ದು, ಅದೂ 2004ರದು. ಜರ್ನಲ್‌ಗಳನ್ನು ಆರಿಸಿ ಸೇರಿಸುತ್ತಾರೆ, ಗುಣಮಟ್ಟ ಬಿದ್ದರೆ ಕೈಬಿಡುತ್ತಾರೆ. ಲೇಖಕರ ಪ್ರೊಫೈಲ್ ಚಂದಾ ಇಲ್ಲದೆಯೂ ನೋಡಬಹುದು, ಪೂರ್ತಿ ವಿಶ್ಲೇಷಣೆಗೆ ವಿಶ್ವವಿದ್ಯಾಲಯದ ಲಾಗಿನ್ ಬೇಕು. ಇದರಲ್ಲಿ ಒಂದು ಉಪಯೋಗ ಹಲವರಿಗೆ ಗೊತ್ತಿಲ್ಲ. ಸ್ಕೋಪಸ್‌ನಲ್ಲಿ ಸೇರದ ಪುಸ್ತಕವನ್ನು ಸೇರಿದ ಲೇಖನಗಳು ಉಲ್ಲೇಖಿಸಿದ್ದರೆ ಅದು ‘ಸೆಕೆಂಡರಿ ಡಾಕ್ಯುಮೆಂಟ್ಸ್’ ಅಂತ ಬೇರೆ ಕಡೆ ಸಿಗುತ್ತದೆ. ಸಿದ್ದಿಕಿ, ಛಾಪ್ರಾ ತಲೆಮಾರಿನವರ ನಿಜವಾದ ಲೆಕ್ಕ ಇರುವುದು ಅಲ್ಲೇ.

ವೆಬ್ ಆಫ್ ಸೈನ್ಸ್ ಇನ್ನೂ ಬಿಗಿ. ಯೂಜೀನ್ ಗಾರ್ಫೀಲ್ಡ್ ಶುರು ಮಾಡಿದ ಸೈಟೇಶನ್ ಇಂಡೆಕ್ಸ್‌ನ ಇಂದಿನ ರೂಪ ಅದು. ಅಲ್ಲಿ ಸಾಮಾನ್ಯ ಹುಡುಕಾಟ ಬಿಟ್ಟು ‘ಸೈಟೆಡ್ ರೆಫರೆನ್ಸ್ ಸರ್ಚ್’ ಬಳಸಿ. ಉಲ್ಲೇಖ ಪಟ್ಟಿಗಳಲ್ಲಿ ಆ ಪುಸ್ತಕದ ಹೆಸರು ಯಾವ ಯಾವ ರೂಪದಲ್ಲಿ, ಯಾವ ಯಾವ ವರ್ಷ ಹಾಕಿ ಬಂದಿದೆ ಅಂತ ಸಾಲಾಗಿ ತೋರಿಸುತ್ತದೆ. 1973 ಅಂತ ಒಂದು ಸಾಲು, 1983 ಅಂತ ಇನ್ನೊಂದು, ಶೀರ್ಷಿಕೆ ತಪ್ಪಾಗಿ ಬರೆದದ್ದು ಮತ್ತೊಂದು. ಬೇಕಾದ್ದಕ್ಕೆಲ್ಲ ಟಿಕ್ ಹಾಕಿ ಒಟ್ಟಿಗೆ ತೆಗೆಯಿರಿ.

ರೆಪೆಕ್ ಅರ್ಥಶಾಸ್ತ್ರಜ್ಞರದ್ದೇ ಮನೆ. 1997ರಿಂದ ಸ್ವಯಂಸೇವಕರು ನಡೆಸುತ್ತಿದ್ದಾರೆ, ಐಡಿಯಾಸ್ ತಾಣದಲ್ಲಿ ಪೂರ್ತಿ ಉಚಿತ. ಐಎಂಎಫ್, ವಿಶ್ವಬ್ಯಾಂಕ್ ಕರಡುಗಳು ಇಲ್ಲಿ ಚೆನ್ನಾಗಿ ಸಿಗುತ್ತವೆ. ಜೆದ್ದಾದ ‘ಇಸ್ಲಾಮಿಕ್ ಇಕನಾಮಿಕ್ ಸ್ಟಡೀಸ್’ ಕೂಡ ಇದೆ. ಆದರೆ ಇದು ಲೇಖಕರು ತಾವೇ ನೋಂದಾಯಿಸಿಕೊಂಡು ತಮ್ಮ ಕೃತಿಗಳನ್ನು ಗುರುತಿಸಿದರೆ ಮಾತ್ರ ಸರಿಯಾಗಿ ಕೆಲಸ ಮಾಡುವ ವ್ಯವಸ್ಥೆ. ನೋಂದಾಯಿಸದವರು ರ‍್ಯಾಂಕಿಂಗ್‌ನಲ್ಲಿ ಕಾಣುವುದೇ ಇಲ್ಲ. ಹಾಗಾಗಿ ‘ರೆಪೆಕ್ ಪಟ್ಟಿಯಲ್ಲಿ ಇಲ್ಲ’ ಅನ್ನುವುದಕ್ಕೆ ಅರ್ಥವೇನೂ ಇಲ್ಲ.

ಓಪನ್‌ಅಲೆಕ್ಸ್ 2022ರಲ್ಲಿ ಬಂತು, ಉಚಿತ, ಡೇಟಾ ಇಳಿಸಿಕೊಳ್ಳಲು ಸುಲಭ. ಕೈಯಲ್ಲಿ ಲಾಗಿನ್ ಇಲ್ಲದವರು ಗೂಗಲ್ ಸ್ಕಾಲರ್, ರೆಪೆಕ್, ಓಪನ್‌ಅಲೆಕ್ಸ್ ಮೂರರಲ್ಲೇ ಒಳ್ಳೆಯ ಕೆಲಸ ಮಾಡಬಹುದು. ಆನ್-ವಿಲ್ ಹಾರ್ಜಿಂಗ್ ಅವರ ‘ಪಬ್ಲಿಷ್ ಆರ್ ಪೆರಿಷ್’ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಸ್ಕಾಲರ್ ಫಲಿತಾಂಶಗಳನ್ನು ನೇರ ಎಕ್ಸೆಲ್‌ಗೆ ಇಳಿಸುತ್ತದೆ. ಸ್ಕಾಲರ್ ಪ್ರೊಫೈಲ್ ಮಾಡಿಕೊಳ್ಳದ ಹಳಬರ ಲೆಕ್ಕಕ್ಕೆ ಇದಿಲ್ಲದೆ ಆಗುವುದೇ ಇಲ್ಲ.

ಹಂತ 5: ಆವೃತ್ತಿಗಳನ್ನು ಒಂದುಗೂಡಿಸಿ, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ

ಮಾರ್ಟಿನ್ ಚಿಹಾಕ್ ಮತ್ತು ಹೈಕೊ ಹೆಸ್ಸೆ ಇಸ್ಲಾಮಿಕ್ ಬ್ಯಾಂಕುಗಳು ಎಷ್ಟು ಸ್ಥಿರ ಅಂತ ಬರೆದ ಪ್ರಬಂಧ 2008ರಲ್ಲಿ ಐಎಂಎಫ್ ವರ್ಕಿಂಗ್ ಪೇಪರ್ ಆಗಿ ಬಂತು. ಎರಡು ವರ್ಷದ ಮೇಲೆ ‘ಜರ್ನಲ್ ಆಫ್ ಫೈನಾನ್ಶಿಯಲ್ ಸರ್ವೀಸಸ್ ರಿಸರ್ಚ್’ನಲ್ಲಿ ಬಂತು. ಶೀರ್ಷಿಕೆ ಒಂದೇ. ಕೆಲವರು 2008 ಅಂತ ಉಲ್ಲೇಖಿಸಿದರೆ ಇನ್ನು ಕೆಲವರು 2010 ಅಂತ ಉಲ್ಲೇಖಿಸುತ್ತಾರೆ. ಒಂದು ಡೇಟಾಬೇಸ್ ಇವೆರಡನ್ನೂ ಸೇರಿಸುತ್ತದೆ, ಇನ್ನೊಂದು ಬೇರೆ ಬೇರೆ ಇಡುತ್ತದೆ, ಮತ್ತೊಂದು ಜರ್ನಲ್‌ನದ್ದನ್ನು ಮಾತ್ರ ಎಣಿಸುತ್ತದೆ. ಸುಮ್ನೆ ಕೂಡಿಸಿದರೂ ತಪ್ಪು, ಎರಡನ್ನೂ ಉಲ್ಲೇಖಿಸಿದ ಲೇಖನ ಎರಡು ಸಲ ಎಣಿಕೆಯಾಗುತ್ತದೆ. ಎರಡರ ಉಲ್ಲೇಖಿಗರ ಪಟ್ಟಿಯನ್ನೂ ಎಕ್ಸೆಲ್‌ಗೆ ತಂದು, ಡಿಒಐ (ಲೇಖನದ ಡಿಜಿಟಲ್ ಗುರುತು ಸಂಖ್ಯೆ) ಅಥವಾ ಶೀರ್ಷಿಕೆ ನೋಡಿ ನಕಲು ತೆಗೆದು ಆಮೇಲೆ ಎಣಿಸಿ.

ಇಲ್ಲೊಂದು ಸೂಕ್ಷ್ಮ ಇದೆ. ಥಾರ್ಸ್ಟನ್ ಬೆಕ್, ಆಸ್ಲಿ ದೆಮಿರ್ಗುಚ್-ಕುಂಟ್, ವಾರ್ದಾ ಮೆರೂಶ್ ಮೂವರ ಪ್ರಬಂಧ 2010ರಲ್ಲಿ ವಿಶ್ವಬ್ಯಾಂಕಿನ ಕರಡಾಗಿ, 2013ರಲ್ಲಿ ‘ಜರ್ನಲ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್’ನಲ್ಲಿ ಲೇಖನವಾಗಿ ಬಂತು. ಕರಡಿನ ಸಾರಾಂಶದಲ್ಲಿ, ಬಹಳ ದೇಶಗಳನ್ನು ಒಟ್ಟಿಗೆ ತೆಗೆದುಕೊಂಡರೆ ಇಸ್ಲಾಮಿಕ್ ಬ್ಯಾಂಕುಗಳ ವೆಚ್ಚ ದಕ್ಷತೆ ಜಾಸ್ತಿ ಅನ್ನಿಸುತ್ತದೆ, ಎರಡೂ ಬಗೆಯ ಬ್ಯಾಂಕು ಇರುವ ದೇಶಗಳನ್ನು ಮಾತ್ರ ನೋಡಿದರೆ ಇದು ಉಲ್ಟಾ ಆಗುತ್ತದೆ ಅಂತಿದೆ. ಜರ್ನಲ್ ಆವೃತ್ತಿಯ ಸಾರಾಂಶ ನೇರವಾಗಿ ಇಸ್ಲಾಮಿಕ್ ಬ್ಯಾಂಕುಗಳ ವೆಚ್ಚ ದಕ್ಷತೆ ಕಡಿಮೆ, ಆದರೆ ಆಸ್ತಿಯ ಗುಣಮಟ್ಟ ಮತ್ತು ಬಂಡವಾಳ ಚೆನ್ನಾಗಿದೆ ಅನ್ನುತ್ತದೆ. ಈಗ ಹೇಳಿ, ಕರಡನ್ನು ಉಲ್ಲೇಖಿಸಿ ‘ಇಸ್ಲಾಮಿಕ್ ಬ್ಯಾಂಕುಗಳೇ ದಕ್ಷ’ ಅಂದವರನ್ನೂ ಲೇಖನ ಉಲ್ಲೇಖಿಸಿ ‘ದಕ್ಷವಲ್ಲ’ ಅಂದವರನ್ನೂ ಒಂದೇ ಬುಟ್ಟಿಗೆ ಹಾಕಬಹುದಾ? ಎಣಿಕೆಗೆ ಹಾಕಬಹುದು. ಪ್ರಭಾವ ಏನು ಅನ್ನುವಾಗ ಹಾಕಬಾರದು. ಆವೃತ್ತಿಯ ಕಾಲಂ ಬೇರೆಯೇ ಇರಲಿ ಅಂದದ್ದು ಇದಕ್ಕೆ.

ಹಂತ 6: ಇಸ್ಲಾಮಿಕ್ ಫೈನಾನ್ಸ್‌ಗೆ ಸಂಬಂಧಪಟ್ಟದ್ದನ್ನು ಮಾತ್ರ ಬೇರ್ಪಡಿಸಿ

ಬೆಕ್ ಅವರ ಒಟ್ಟು ಸೈಟೇಶನ್ ನೋಡಿ ‘ಇಸ್ಲಾಮಿಕ್ ಫೈನಾನ್ಸ್‌ನಲ್ಲಿ ಇವರದ್ದೇ ದೊಡ್ಡ ಹೆಸರು’ ಅಂದರೆ ಏನಾಯಿತು? ಅವರ ಹೆಚ್ಚಿನ ಉಲ್ಲೇಖಗಳು ಹಣಕಾಸು ವ್ಯವಸ್ಥೆ ಮತ್ತು ಆರ್ಥಿಕ ಬೆಳವಣಿಗೆಯ ಮೇಲಿನ ಕೆಲಸಕ್ಕೆ ಬಂದವು.

ತೈಮೂರ್ ಕುರಾನ್ ಇನ್ನೂ ಒಳ್ಳೆಯ ಉದಾಹರಣೆ. ಡ್ಯೂಕ್ ವಿಶ್ವವಿದ್ಯಾಲಯದವರು, ಇಸ್ಲಾಮಿಕ್ ಅರ್ಥಶಾಸ್ತ್ರದ ಬಲವಾದ ವಿಮರ್ಶಕರು. ಈ ವಿಷಯದ ಮೇಲೆ 1980ರ ದಶಕದಿಂದ ಬರೆದಿದ್ದಾರೆ, 2004ರಲ್ಲಿ ಪುಸ್ತಕವೂ ಬಂತು. ಆದರೆ ಜನ ಮನಸ್ಸಿನಲ್ಲಿರುವುದನ್ನು ಮುಚ್ಚಿಟ್ಟು ಹೊರಗೆ ಬೇರೆ ಮಾತಾಡುವುದರ ಬಗ್ಗೆ 1995ರಲ್ಲಿ ಬರೆದ ಪುಸ್ತಕ, ಕಾಸ್ ಸನ್‌ಸ್ಟೀನ್ ಜತೆ 1999ರಲ್ಲಿ ಬರೆದ ಲೇಖನ, ಮಧ್ಯಪ್ರಾಚ್ಯ ಯಾಕೆ ಹಿಂದೆ ಬಿತ್ತು ಅನ್ನುವ 2011ರ ಪುಸ್ತಕ, ಇವುಗಳ ಉಲ್ಲೇಖಗಳೂ ಅದೇ ಪ್ರೊಫೈಲ್‌ನಲ್ಲಿ ಕೂಡಿಕೊಂಡಿವೆ. ಒಟ್ಟು ಸಂಖ್ಯೆಯಿಂದ ಇಸ್ಲಾಮಿಕ್ ಫೈನಾನ್ಸ್ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಹೀಗಾಗಿ ನಿಮ್ಮ ಪಟ್ಟಿಯ ಪ್ರತಿ ಕೃತಿಗೂ ಗುರುತು ಹಾಕಿ: ಪೂರ್ತಿ ಇದೇ ವಿಷಯ, ಭಾಗಶಃ, ಸಂಬಂಧವಿಲ್ಲ. ಮುಂದಿನ ಎಲ್ಲ ಲೆಕ್ಕವೂ ಮೊದಲ ಎರಡರ ಮೇಲೆ ಮಾತ್ರ. ‘ಭಾಗಶಃ’ ಅನ್ನುವ ಕಡೆ ಜಗಳ ಬರುತ್ತದೆ. ಬರಲಿ, ಯಾಕೆ ಸೇರಿಸಿದಿರಿ ಅಂತ ಪಕ್ಕದಲ್ಲಿ ಒಂದು ಸಾಲು ಬರೆದಿಡಿ.

ಹಂತ 7: ಎಚ್, ಐ10 ಮತ್ತು ಅವುಗಳ ಮಿತಿ

ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಎಚ್-ಇಂಡೆಕ್ಸ್ ತಂದರು. ಲೆಕ್ಕ ಸುಲಭ. ಒಬ್ಬರ ಆರು ಕೃತಿಗಳಿಗೆ 40, 18, 9, 6, 5, 3 ಉಲ್ಲೇಖ ಬಂದಿವೆ ಅಂದುಕೊಳ್ಳಿ. ಐದು ಕೃತಿಗಳಿಗೆ ತಲಾ ಐದಾದರೂ ಇವೆ, ಆರು ಕೃತಿಗಳಿಗೆ ತಲಾ ಆರು ಇಲ್ಲ. ಹಾಗಾದರೆ ಎಚ್ 5. ಹತ್ತು ಅಥವಾ ಹೆಚ್ಚು ಉಲ್ಲೇಖ ಇರುವವು ಎರಡು, ಅಂದರೆ ಐ10 ಎರಡು.

ಈಗ ಮೊದಲ ಕೃತಿಗೆ 40ರ ಬದಲು 4,000 ಬಂದರೂ ಎಚ್ 5 ಆಗಿಯೇ ಇರುತ್ತದೆ. ಒಂದೇ ಒಂದು ದೊಡ್ಡ ಪುಸ್ತಕ ಬರೆದವರಿಗೆ ಎಚ್ ಮೋಸ ಮಾಡುತ್ತದೆ. ಮೊಹ್ಸಿನ್ ಖಾನ್ ಅವರನ್ನು ನೋಡಿ. 1986ರಲ್ಲಿ ‘ಐಎಂಎಫ್ ಸ್ಟಾಫ್ ಪೇಪರ್ಸ್’ನಲ್ಲಿ ಬಂದ ಅವರ ಲೇಖನ ಬಡ್ಡಿರಹಿತ ಬ್ಯಾಂಕಿಗೆ ಮುಖ್ಯವಾಹಿನಿ ಅರ್ಥಶಾಸ್ತ್ರದ ಭಾಷೆಯಲ್ಲಿ ಮಾದರಿ ಕೊಟ್ಟಿತು. ಠೇವಣಿಯನ್ನು ಷೇರಿನ ಹಾಗೆ ನೋಡಿದರೆ ಬ್ಯಾಂಕಿನ ಆಸ್ತಿಗೆ ಬಿದ್ದ ಪೆಟ್ಟು ಠೇವಣಿದಾರರ ಪಾಲಿನ ಬೆಲೆಯಲ್ಲೇ ಇಳಿದುಹೋಗುತ್ತದೆ ಅನ್ನುವುದು ವಾದ. ಈ ಒಂದು ಲೇಖನದ ತೂಕ ಎಚ್-ಇಂಡೆಕ್ಸ್‌ನಲ್ಲಿ ಕಾಣುವುದು ‘ಒಂದು’ ಅಂತ ಮಾತ್ರ.

ನನ್ನ ಕೇಳಿದರೆ ಈ ಕ್ಷೇತ್ರದಲ್ಲಿ ಎಚ್‌ಗಿಂತ ಮೊದಲ ಮೂರು ನಾಲ್ಕು ಕೃತಿಗಳ ವರ್ಷವಾರು ಗ್ರಾಫ್ ಹೆಚ್ಚು ಹೇಳುತ್ತದೆ. ಉಲ್ಲೇಖ ಯಾವಾಗ ಏರಿತು, ಯಾವಾಗ ಇಳಿಯಿತು, ಐವತ್ತು ವರ್ಷದ ಹಿಂದಿನ ಪುಸ್ತಕ ಇನ್ನೂ ಓಡುತ್ತಿದೆಯಾ, ಇದೆಲ್ಲ ಅಲ್ಲಿ ಕಾಣುತ್ತದೆ.

ಹಂತ 8: ಸ್ವಂತದ್ದು, ಸ್ನೇಹಿತರದ್ದು ಕಳೆಯಿರಿ

ಸ್ವಂತ ಉಲ್ಲೇಖ ತಪ್ಪಲ್ಲ, ಅತಿಯಾದರೆ ಸಮಸ್ಯೆ. ಸ್ಕೋಪಸ್‌ನಲ್ಲಿ ಸ್ವಂತ ಉಲ್ಲೇಖ ತೆಗೆದು ನೋಡುವ ಆಯ್ಕೆ ಇದೆ. ಸಹಲೇಖಕರು ಮಾಡಿದ ಉಲ್ಲೇಖವನ್ನೂ ಬೇರೆ ಕಾಲಂನಲ್ಲಿ ಇಡಿ. ಇಸ್ಲಾಮಿಕ್ ಫೈನಾನ್ಸ್ ಚಿಕ್ಕ ಊರು ಇದ್ದ ಹಾಗೆ, ಎಲ್ಲರಿಗೂ ಎಲ್ಲರೂ ಗೊತ್ತು. ಅದೇ ಕೆಲವು ಜರ್ನಲ್‌ಗಳು, ಅದೇ ಸಂಪಾದಕ ಮಂಡಳಿಗಳು. ಹಾಗಾಗಿ ಉಲ್ಲೇಖಗಳಲ್ಲಿ ಎಷ್ಟು ಪಾಲು ಒಂದೇ ಜರ್ನಲ್‌ನಿಂದ ಬಂದಿದೆ ಅಂತ ಶೇಕಡಾ ಲೆಕ್ಕ ಹಾಕಿ. ಜತೆಗೆ, ಈ ಕ್ಷೇತ್ರದ ಹೊರಗಿನ ಜರ್ನಲ್‌ಗಳಿಂದ, ಅಂದರೆ ಸಾಮಾನ್ಯ ಬ್ಯಾಂಕಿಂಗ್, ಕಾನೂನು, ಇತಿಹಾಸದ ಕಡೆಯಿಂದ ಎಷ್ಟು ಬಂದಿವೆ ಅಂತಲೂ ನೋಡಿ. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಈ ಹೊರಗಿನ ಪಾಲಿನ ಮೇಲೆ.

ಹಂತ 9: ಹೋಲಿಕೆ ಸಮಾನರ ನಡುವೆ

1973ರ ಪುಸ್ತಕ ಬಂದಾಗ ಅದನ್ನು ಉಲ್ಲೇಖಿಸಲು ಕ್ಷೇತ್ರದಲ್ಲಿ ಜನವೇ ಇರಲಿಲ್ಲ. ದುಬೈ ಇಸ್ಲಾಮಿಕ್ ಬ್ಯಾಂಕ್ ಶುರುವಾದದ್ದೇ 1975ರಲ್ಲಿ. 2008ರ ಜಾಗತಿಕ ಬಿಕ್ಕಟ್ಟಿನ ನಂತರ ಈ ಬ್ಯಾಂಕುಗಳ ಬಗ್ಗೆ ಬರೆಯುವವರು ಒಮ್ಮೆಲೇ ಹೆಚ್ಚಾದರು. ಹೀಗಾಗಿ 2013ರ ಲೇಖನ ಕಡಿಮೆ ವರ್ಷದಲ್ಲಿ ಹೆಚ್ಚು ಉಲ್ಲೇಖ ಪಡೆಯುವುದು ಸಹಜ. ವರ್ಷಕ್ಕೆ ಎಷ್ಟು ಅಂತ ಭಾಗಿಸಿದರೂ ಈ ವ್ಯತ್ಯಾಸ ಪೂರ್ತಿ ಹೋಗುವುದಿಲ್ಲ. ಅದೇ ಕಾಲದ, ಅದೇ ಬಗೆಯ ಕೃತಿಗಳ ಜತೆ ಹೋಲಿಸಿ. ಸಿದ್ದಿಕಿ ಅವರ 1973ರ ಪುಸ್ತಕವನ್ನು ಛಾಪ್ರಾ ಅವರ 1985ರ ಹಣಕಾಸು ವ್ಯವಸ್ಥೆಯ ಪುಸ್ತಕದ ಜತೆ ಇಡಬಹುದು, ಬೆಕ್ ಲೇಖನವನ್ನು ಚಿಹಾಕ್ ಲೇಖನದ ಜತೆ. ಸ್ಕೋಪಸ್‌ನ ‘ಫೀಲ್ಡ್ ವೇಟೆಡ್’ ಅಂಕ ಸಿಕ್ಕರೆ ಬಳಸಿ. ಅಲ್ಲಿ 1 ಅಂದರೆ ಅದೇ ವಿಷಯ, ವರ್ಷ, ಬಗೆಯ ಜಾಗತಿಕ ಸರಾಸರಿ.

ಹಂತ 10: ಉಲ್ಲೇಖಿಸಿದ ವಾಕ್ಯ ಓದಿ

ಇಡೀ ಕೆಲಸದ ಮುಖ್ಯ ಭಾಗ ಇದೇ, ಜನ ಬಿಟ್ಟುಬಿಡುವುದೂ ಇದನ್ನೇ.

ಉಲ್ಲೇಖಿಸಿದ ಲೇಖನಗಳಿಂದ ಮೂವತ್ತು ನಲವತ್ತನ್ನು ಆರಿಸಿಕೊಳ್ಳಿ. ಮೊದಲ ಪುಟದ್ದನ್ನೇ ತೆಗೆಯಬೇಡಿ, ಸ್ಕಾಲರ್ ಅಲ್ಲಿ ಹೆಚ್ಚು ಉಲ್ಲೇಖಿತವಾದವನ್ನು ಮುಂದೆ ತಳ್ಳುವುದೇ ಜಾಸ್ತಿ. ಹಳೆಯದು, ಹೊಸದು, ಬೇರೆ ಬೇರೆ ದೇಶದ್ದು ಸೇರಿರಲಿ. ಪ್ರತಿಯೊಂದರ ಪಿಡಿಎಫ್ ತೆರೆದು ಲೇಖಕರ ಹೆಸರು ಹುಡುಕಿ, ಆ ವಾಕ್ಯವನ್ನು ಹಾಳೆಗೆ ತನ್ನಿ. ಪಕ್ಕದಲ್ಲಿ ಯಾವ ಬಗೆ ಅಂತ ಬರೆಯಿರಿ.

ಒಂದು ಬಗೆ ಸಾಲುಗಟ್ಟಿದ ಉಲ್ಲೇಖ. ‘ಇಸ್ಲಾಮಿಕ್ ಬ್ಯಾಂಕಿಂಗ್ ಬಗ್ಗೆ ಹಲವರು ಬರೆದಿದ್ದಾರೆ’ ಅಂತ ಹೇಳಿ ಆವರಣದಲ್ಲಿ ಎಂಟು ಹೆಸರು. ಓದಿದ್ದಾರೋ ಇಲ್ಲವೋ ದೇವರೇ ಬಲ್ಲ. ಇನ್ನೊಂದು ಬಗೆ, ಅವರ ಮಾದರಿ, ವ್ಯಾಖ್ಯೆ ಅಥವಾ ಡೇಟಾವನ್ನು ನಿಜಕ್ಕೂ ಬಳಸಿದ್ದು. ಅವರ ವಾದವನ್ನು ಎದುರಿಸಿದ್ದು ಮೂರನೆಯ ಬಗೆ. ಕುರಾನ್ ಅವರ ಉಲ್ಲೇಖಗಳಲ್ಲಿ ಇದನ್ನು ವಿಶೇಷವಾಗಿ ಹುಡುಕಿ. ಇಸ್ಲಾಮಿಕ್ ಅರ್ಥಶಾಸ್ತ್ರದ ಪರವಾಗಿ ಬರೆಯುವವರಿಗೆ ಅವರ ಟೀಕೆಗೆ ಉತ್ತರ ಕೊಡದೆ ಮುಂದೆ ಹೋಗುವುದು ಕಷ್ಟ. ಅದೂ ಪ್ರಭಾವವೇ, ಕಡಿಮೆ ಪ್ರಭಾವವೂ ಅಲ್ಲ. ಆದರೆ ‘ಒಪ್ಪಿಗೆ’ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ನಾಲ್ಕನೆಯದು ತಪ್ಪು ಅಥವಾ ಅರ್ಧ ಉಲ್ಲೇಖ. ಚಿಹಾಕ್–ಹೆಸ್ಸೆ ಪ್ರಬಂಧ ಹೇಳಿದ್ದು ಮೂರು ಮಾತು. ಚಿಕ್ಕ ಇಸ್ಲಾಮಿಕ್ ಬ್ಯಾಂಕುಗಳು ಚಿಕ್ಕ ವಾಣಿಜ್ಯ ಬ್ಯಾಂಕುಗಳಿಗಿಂತ ಗಟ್ಟಿ. ದೊಡ್ಡ ವಾಣಿಜ್ಯ ಬ್ಯಾಂಕುಗಳು ದೊಡ್ಡ ಇಸ್ಲಾಮಿಕ್ ಬ್ಯಾಂಕುಗಳಿಗಿಂತ ಗಟ್ಟಿ. ಇಸ್ಲಾಮಿಕ್ ಬ್ಯಾಂಕುಗಳಲ್ಲೇ ಚಿಕ್ಕವು ದೊಡ್ಡವಕ್ಕಿಂತ ಗಟ್ಟಿ. ಉಲ್ಲೇಖಿಸುವವರು ಮೊದಲ ಮಾತನ್ನು ಮಾತ್ರ, ಅದರಲ್ಲೂ ‘ಚಿಕ್ಕ’ ಅನ್ನುವುದನ್ನು ಬಿಟ್ಟು ಬರೆದಿದ್ದಾರಾ ಅಂತ ನೋಡಿ. ಸಿಕ್ಕರೆ ಬೇರೆ ಬಣ್ಣ ಹಚ್ಚಿ ಇಡಿ.

ಸಿದ್ದಿಕಿ ಅವರ ವಿಷಯದಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಅವರ 1981ರ ಸಮೀಕ್ಷೆಯನ್ನು ಉಲ್ಲೇಖಿಸಿದವರು ಅವರ ಸ್ವಂತ ವಾದಕ್ಕಾಗಿ ಉಲ್ಲೇಖಿಸಿದ್ದಾರಾ, ಅಥವಾ ಅದರಲ್ಲಿ ಸಾರಾಂಶವಾಗಿ ಬಂದ ಬೇರೆಯವರ ಉರ್ದು, ಅರಬಿ ಬರಹಕ್ಕಾಗಿಯಾ? ಆ ಭಾಷೆ ಬಾರದವರಿಗೆ ಆ ಪುಸ್ತಕ ಒಂದು ಬಾಗಿಲು. ಹಾಗಾಗಿ ಅಸಲು ಲೇಖಕರಿಗೆ ಹೋಗಬೇಕಾದ ಉಲ್ಲೇಖ ಸಮೀಕ್ಷೆ ಬರೆದವರಿಗೆ ಬರುತ್ತದೆ. ಇದು ಅವರ ತಪ್ಪಲ್ಲ, ಸಮೀಕ್ಷೆಗಳೆಲ್ಲದರ ಗುಣವೇ ಅದು. ಲೆಕ್ಕದಲ್ಲಿ ಮಾತ್ರ ಹೇಳಬೇಕು.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಠೇವಣಿದಾರರು ಬ್ಯಾಂಕಿನ ಜತೆ ಒಂದು ಮುದಾರಬಾ, ಬ್ಯಾಂಕು ಉದ್ಯಮಿಯ ಜತೆ ಇನ್ನೊಂದು ಮುದಾರಬಾ ಮಾಡಿಕೊಳ್ಳುವ ಎರಡು ಹಂತದ ಮಾದರಿ ಈಗ ಪಠ್ಯಪುಸ್ತಕದ ಮಾತು. ಅದನ್ನು ವಿವರಿಸಿ ಬೆಳೆಸಿದ ಸಿದ್ದಿಕಿಯಂಥವರ ಹೆಸರು ಹಾಕದೆಯೇ ಎಲ್ಲರೂ ಬರೆಯುತ್ತಾರೆ. ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಈ ಬಗೆಯನ್ನು ಗುರುತಿಸಿದ್ದರು: ವಿಚಾರ ಎಷ್ಟು ಮನೆಮಾತಾಗುತ್ತದೋ ಅಷ್ಟು ಅದರ ಮೂಲ ಮರೆಯಾಗುತ್ತದೆ. ಆದ್ದರಿಂದ ಲೇಖಕರ ಹೆಸರಲ್ಲದೆ ಅವರ ವಿಚಾರದ ಪದಗಳನ್ನೂ ಹಾಕಿ ಒಮ್ಮೆ ಹುಡುಕಿ. ಅರ್ಥಶಾಸ್ತ್ರಜ್ಞ ಮಹಮೂದ್ ಎಲ್-ಗಮಾಲ್ ಬಳಕೆಗೆ ತಂದ ‘ಷರಿಯಾ ಆರ್ಬಿಟ್ರೇಜ್’ (ಸಾಮಾನ್ಯ ಹಣಕಾಸು ಉತ್ಪನ್ನಕ್ಕೇ ಷರಿಯಾ ರೂಪ ಕೊಟ್ಟು ಲಾಭ ಮಾಡುವುದು) ಪದದ ಮೇಲೂ ಇದೇ ಪ್ರಯೋಗ ಮಾಡಬಹುದು.

ಹಂತ 11: ಯಂತ್ರದ ಲೆಕ್ಕಕ್ಕೆ ಸಿಗದ ಕಡೆ

ಕೋರ್ಟು, ನಿಯಂತ್ರಕರು, ತರಗತಿಗಳು. ಪಾಕಿಸ್ತಾನದಲ್ಲಿ ಬಡ್ಡಿಯ ಮೇಲೆ 1991, 1999, 2022ರಲ್ಲಿ ದೊಡ್ಡ ತೀರ್ಪುಗಳು ಬಂದಿವೆ. ಆ ಪಠ್ಯಗಳಲ್ಲಿ ಹೆಸರು ಹುಡುಕಿ. ಇಸ್ಲಾಮಿಕ್ ಹಣಕಾಸಿಗೆ ಮಾನದಂಡ ರೂಪಿಸುವ ಎರಡು ಸಂಸ್ಥೆಗಳು, ಬಹ್ರೇನ್‌ನ ಅಯೋಫಿ, ಕೌಲಾಲಂಪುರದ ಐಎಫ್‌ಎಸ್‌ಬಿ, ಇವುಗಳ ಪ್ರಕಟಣೆಗಳನ್ನೂ ನೋಡಿ. ನೀತಿ ದಾಖಲೆಗಳಲ್ಲಿನ ಉಲ್ಲೇಖಕ್ಕೆ ಓವರ್ಟನ್ ಎಂಬ ಡೇಟಾಬೇಸ್ ಇದೆ. ಭಾರತದ ಥೀಸಿಸ್‌ಗಳಿಗೆ ನಮ್ಮ ಶೋಧಗಂಗಾ ಇದೆ, ಉಚಿತ, ಅಧ್ಯಾಯವಾರು ಪಿಡಿಎಫ್. ಸಿದ್ದಿಕಿ ಪಾಠ ಮಾಡಿದ ಅಲಿಗಢದ ಥೀಸಿಸ್‌ಗಳು ಅಲ್ಲಿ ಸಿಗುತ್ತವೆ, ಕರ್ನಾಟಕದ ವಿಶ್ವವಿದ್ಯಾಲಯಗಳವೂ ಸಿಗುತ್ತವೆ. ಉರ್ದು ಬಲ್ಲ ಗೆಳೆಯರಿದ್ದರೆ ಉರ್ದು ಲಿಪಿಯಲ್ಲೇ ಹೆಸರು ಹಾಕಿ ಸ್ಕಾಲರ್‌ನಲ್ಲಿ ಹುಡುಕಿಸಿ.

ಇವುಗಳನ್ನು ಸೈಟೇಶನ್ ಸಂಖ್ಯೆಗೆ ಕೂಡಿಸಬೇಡಿ. ಬೇರೆ ಪ್ಯಾರಾದಲ್ಲಿ ಬರೆಯಿರಿ.

ಹಂತ 12: ಬರೆಯುವಾಗ

ಸಂಖ್ಯೆ ಕೊಡುವಾಗ ಮೂರು ವಿವರ ಜತೆಗಿರಲಿ: ಯಾವ ಡೇಟಾಬೇಸ್, ಯಾವ ತಾರೀಕು, ಯಾವ ಕೃತಿಗಳು. ‘ಇಂಥ ದಿನ ಗೂಗಲ್ ಸ್ಕಾಲರ್‌ನಲ್ಲಿ ಈ ನಾಲ್ಕು ಕೃತಿಗಳಿಗೆ, ಆವೃತ್ತಿಗಳನ್ನು ಒಂದುಗೂಡಿಸಿ ನಕಲು ತೆಗೆದ ಮೇಲೆ ಇಷ್ಟು, ಸ್ಕೋಪಸ್‌ನಲ್ಲಿ ಸೆಕೆಂಡರಿ ದಾಖಲೆ ಸೇರಿ ಇಷ್ಟು, ಓದಿ ನೋಡಿದ ಉಲ್ಲೇಖಗಳಲ್ಲಿ ಇಷ್ಟು ಪಾಲು ನಿಜವಾದ ಬಳಕೆ’ ಅಂತ. ಎರಡು ಡೇಟಾಬೇಸ್‌ಗಳ ಸಂಖ್ಯೆ ಸರಾಸರಿ ಮಾಡಬೇಡಿ, ಅದಕ್ಕೆ ಅರ್ಥ ಇಲ್ಲ. ಬಡ್ತಿ ಅಥವಾ ಪ್ರಶಸ್ತಿ ಸಮಿತಿಗೆ ಬರೆಯುತ್ತಿದ್ದರೆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರನ್ನು (ಅದರ ಲೇಖನಗಳಿಗೆ ಬರುವ ಸರಾಸರಿ ಉಲ್ಲೇಖ) ಲೇಖಕರ ಯೋಗ್ಯತೆ ಅಂತ ತೋರಿಸಬೇಡಿ. ಸಂಶೋಧನೆಯನ್ನು ಹೇಗೆ ಅಳೆಯಬೇಕು ಅಂತ ಹೇಳುವ 2012ರ ಡೋರಾ ಘೋಷಣೆ, 2015ರ ಲೈಡನ್ ಪ್ರಣಾಳಿಕೆ ಎರಡೂ ಇಂಥ ಬಳಕೆಯ ವಿರುದ್ಧವೇ ಇವೆ.

ಫಾರಂನಲ್ಲಿ ಒಂದೇ ಚೌಕ ಇದೆ, ಒಂದೇ ಸಂಖ್ಯೆ ಹಾಕಬೇಕು ಅಂದರೆ? ಹಿಂದಿನ ತಲೆಮಾರಿನವರಿಗೆ ಸ್ಕಾಲರ್‌ನ ಸಂಖ್ಯೆ ಹಾಕಿ, ಈಗಿನವರಿಗೆ ಸ್ವಂತ ಉಲ್ಲೇಖ ಕಳೆದ ಸ್ಕೋಪಸ್ ಸಂಖ್ಯೆ ಹಾಕಿ, ಉಳಿದದ್ದನ್ನು ಲಗತ್ತಾಗಿ ಇಡಿ. ಫಲಿತಾಂಶದ ಪುಟಗಳ ಸ್ಕ್ರೀನ್‌ಶಾಟ್, ಎಕ್ಸೆಲ್ ಹಾಳೆ, ಓದಿದ ಪಿಡಿಎಫ್‌ಗಳು ಒಂದೇ ಫೋಲ್ಡರ್‌ನಲ್ಲಿರಲಿ. ನಕಲು ಎಂಟ್ರಿ ಅಳಿಸಿದಾಗ ಸ್ಕಾಲರ್‌ನಲ್ಲಿ ಸಂಖ್ಯೆ ಇಳಿಯುವುದೂ ಉಂಟು. ಆರು ತಿಂಗಳ ನಂತರ ಯಾರಾದರೂ ‘ನೀವು ಹೇಳಿದಷ್ಟು ಕಾಣ್ತಿಲ್ವಲ್ಲ’ ಅಂದಾಗ ತೋರಿಸಲು ಅದೊಂದೇ ನಿಮ್ಮ ಬಳಿ ಇರುತ್ತದೆ.